ಲಾಭ, ಎರಡು, ಮೂರು

ಅಕ್ಕಾರಿಗೆ ಹೊದಿಸಿದ ಶಾಲು ಹತ್ತು ನಿಮಿಷವೂ ಅವರ ಹೆಗಲ ಮೇಲೆ ಉಳಿಯಲಿಲ್ಲ. ಹೋದ ತಿಂಗಳು ದಾಂಡೇಲಿಯ ಆ ತಗಡಿನ ಶೆಡ್ಡಿನಲ್ಲಿ ನಾವು ಹದಿನೈದು ಮಂದಿ ಸೇರಿ ಅವರಿಗೊಂದು ಬೀಳ್ಕೊಡುಗೆ ಇಟ್ಟುಕೊಂಡಿದ್ದೆವು. ಒಂದು ಹಾರ, ಒಂದು ಶಾಲು, ತಟ್ಟೆ ತುಂಬ ಹಣ್ಣು, ನಾಲ್ಕು ಮಾತು. ಮಾತು ಮುಗಿಯುವುದರೊಳಗೆ ಅವರು ಶಾಲನ್ನು ಉದ್ದಕ್ಕೆ ಮಡಚಿ, ಮೂಲೆಯಲ್ಲಿದ್ದ ಕಬ್ಬಿಣದ ಬಾರಿಗೆ ಸುತ್ತಿ, ಸುತಳಿ ಹಾಕಿ ಬಿಗಿದುಬಿಟ್ಟರು. "ಇನ್ನ ಬೈಠಕ್ ಹೊಡಿಯೋರಿಗೆ ಹೆಗಲು ತರಚೂದಿಲ್ಲ" ಅಂದರು. ಭಾಷಣ ಮಾಡುತ್ತಿದ್ದವನು ಮುಂದಿನ ವಾಕ್ಯ ಮರೆತು ಕೂತುಕೊಂಡ. ಸನ್ಮಾನದ ಶಾಲಿಗೆ ಇಷ್ಟು ಒಳ್ಳೆಯ ಗತಿ ಬಂದದ್ದನ್ನು ನಾನಂತೂ ಬೇರೆಲ್ಲೂ ನೋಡಿಲ್ಲ.

ಅಕ್ಕಾರು ಎಂದು ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳನ್ನು ಕರೆಯುತ್ತಾರೆ. ಇವರು ಯಾವ ಸಾಲಿಯಲ್ಲೂ ಕಲಿಸಿದವರಲ್ಲ, ತಾವು ಕಲಿತದ್ದೂ ಏಳನೇ ಇಯತ್ತೆಯವರೆಗೆ ಮಾತ್ರ. ಹಳಿಯಾಳ ತಾಲೂಕಿನ ಒಂದು ಸಿದ್ದಿ ಹಳ್ಳಿಯವರು. ಹರೆಯದಲ್ಲಿ ಕುಸ್ತಿ ಆಡಿದರು, ಆಮೇಲೆ ಕಾಳಿನ ಗೋದಾಮಿನಲ್ಲಿ ಚೀಲ ಹೊತ್ತರು, ಕಡೆಗೆ ಅದೇ ಗೋದಾಮಿನ ಹಿಂದಿನ ಶೆಡ್ಡಿನಲ್ಲಿ ನಮಗೆಲ್ಲ ಕಬ್ಬಿಣ ಎತ್ತಲು ಕಲಿಸಿದರು. ಈಗ ಮೊಣಕಾಲು ಸೋತಿವೆ, ಊರಿಗೆ ಹೋಗಿ ತಂಗಿಯ ಜೊತೆ ಹೊಲ ನೋಡಿಕೊಳ್ಳುತ್ತೇನೆಂದು ಹೊರಟಿದ್ದಾರೆ. ಹೆಸರು ಬರೆಯಬೇಕೆಂದು ನನಗೆ ಆಸೆಯಿತ್ತು. "ಬರದಿ ಅಂದ್ರ ಬಂದು ಹಾಳಿ ಹರೀತೇನಿ" ಅಂದಿದ್ದಾರೆ. ಹರಿಯುವ ಪೈಕಿಯೇ ಅವರು.

ಆ ಶೆಡ್ಡಿಗೆ ಬೋರ್ಡಿರಲಿಲ್ಲ, ಕನ್ನಡಿಯೂ ಇರಲಿಲ್ಲ. ಯಾರಾದರೂ ಹೊಸಬರು ಕನ್ನಡಿ ಎಲ್ಲಿ ಎಂದು ಕೇಳಿದರೆ, ಮನೆಯಲ್ಲಿ ನೋಡಿಕೊಂಡು ಬನ್ನಿ ಅನ್ನುತ್ತಿದ್ದರು. ತೂಕದ ಬಿಲ್ಲೆಗಳಲ್ಲಿ ಅರ್ಧ ಅಂಗಡಿಯವು, ಇನ್ನರ್ಧ ಹಳೆಯ ಹಿಟ್ಟಿನ ಗಿರಣಿಯ ಗಾಲಿಗಳು. ಆ ಗಾಲಿಗಳನ್ನು ಗೋದಾಮಿನ ತಕ್ಕಡಿಯಲ್ಲಿ ತೂಗಿ, ಬಿಳಿ ಬಣ್ಣದಲ್ಲಿ ಹನ್ನೊಂದು, ಹದಿನಾರು ಎಂದು ಬರೆದಿದ್ದರು. ಸಣ್ಣ ತೂಕ ಬೇಕಾದಾಗ ಗೊಂಜಾಳ, ಅಂದರೆ ಮೆಕ್ಕೆಜೋಳ, ತುಂಬಿದ ಅರಿವೆಯ ಪುಟ್ಟ ಚೀಲಗಳನ್ನು ಬಾರಿನ ಎರಡೂ ತುದಿಗೆ ಕಟ್ಟುತ್ತಿದ್ದರು. ಒಂದೊಂದು ಚೀಲ ಸರಿಯಾಗಿ ಒಂದು ಕಿಲೋ. ಇಲಿ ತಿಂದು ತೂಕ ಕಮ್ಮಿಯಾದೀತೆಂದು ತಿಂಗಳಿಗೊಮ್ಮೆ ಮತ್ತೆ ತೂಗುತ್ತಿದ್ದರು.

ಅವರಿಗೆ ಸಿಟ್ಟು ಬರಿಸುವ ಮಾತು ಒಂದೇ ಇತ್ತು. ಒಮ್ಮೆ ಹೊಸದಾಗಿ ಸೇರಿದ್ದ ಬ್ಯಾಂಕಿನ ಸಾಹೇಬರೊಬ್ಬರು, ಅಕ್ಕಾರು ಗಿರಣಿಯ ಗಾಲಿಯೊಂದನ್ನು ಒಂದೇ ಕೈಯಲ್ಲಿ ಎತ್ತಿಟ್ಟದ್ದನ್ನು ನೋಡಿ, ನಿಮ್ಮ ಮಂದಿಗೇನ್ರೀ, ಶಕ್ತಿ ರಕ್ತದಲ್ಲೇ ಬಂದಿರುತ್ತದೆ ಎಂದು ಹೊಗಳಿದರು. ಪಾಪ, ಹೊಗಳಿಕೆ ಎಂದೇ ತಿಳಿದಿದ್ದರು. ಅಕ್ಕಾರು ಒಳಗೆ ಹೋಗಿ, ಹಗ್ಗದಿಂದ ಕಟ್ಟಿದ ನೋಟುಬುಕ್ಕುಗಳ ಗಂಟೊಂದನ್ನು ತಂದು ಸಾಹೇಬರ ಕಾಲ ಬಳಿ ಇಟ್ಟರು. ಹುಡುಗಿಯಾಗಿದ್ದಾಗಿನಿಂದ ಎತ್ತಿದ್ದು, ಹೊಡೆದದ್ದು, ಬಿದ್ದದ್ದು ಎಲ್ಲ ಅದರಲ್ಲಿತ್ತು. ಹಳೆಯ ಹಾಳೆಗಳು ರೊಟ್ಟಿಯ ಹಾಗೆ ಮುರಿಯುತ್ತಿದ್ದವು.

"ಇದರಾಗ ರಕ್ತ ಎಲ್ಲಿ ಐತಿ ಹುಡುಕಿ ಕೊಡ್ರಿ. ಇದು ಲೆಕ್ಕ ಐತ್ರಿ, ನಾ ಎಣಿಸಿದ್ದು" ಅಂದರು.

ಸಾಹೇಬರು ಕ್ಷಮೆ ಕೇಳಿದರು. ಮರುದಿನ ತಾವೂ ಒಂದು ನೋಟುಬುಕ್ಕು ತಂದರು.

ಇನ್ನು ನನ್ನ ವಿಷಯ. ನಾನು ಅಂಬಿಕಾನಗರದ ಕ್ವಾರ್ಟರ್ಸಿನಲ್ಲಿ ಬೆಳೆದವನು. ನಮ್ಮ ಮನೆಗೆ ಅಕ್ಕಿ ಅಂಗಡಿಯಿಂದ ಬರುತ್ತಿತ್ತು. ಕಣ, ರಾಶಿ, ಅಳತೆ ಎಲ್ಲ ನಾನು ಪುಸ್ತಕದಲ್ಲಿ ಓದಿದ್ದು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಾನು ಮಾಡಿದ ದಡ್ಡತನದ ಬೇರು ಇಲ್ಲಿದೆ. ಕಾಳಿ ಹೊಳೆಯಲ್ಲಿ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕರೆದೊಯ್ಯುವ ಕೆಲಸಕ್ಕೆ ಸೇರಿದಾಗ ನಾನು ಐವತ್ತೆಂಟು ಕಿಲೋ ಇದ್ದೆ, ಕಡ್ಡಿ ಪೈಲ್ವಾನ. ಅಕ್ಕಾರ ಶೆಡ್ಡಿಗೆ ಹೋಗತೊಡಗಿದ ಮೊದಲ ಆರು ತಿಂಗಳು ನನಗೇ ನಂಬಿಕೆಯಾಗದಷ್ಟು ಸೊಗಸಾಗಿ ಹೋಯಿತು. ಪ್ರತಿ ಸಲ ಹೋದಾಗಲೂ ಬಾರಿನ ಮೇಲೆ ತೂಕ ಏರುತ್ತಿತ್ತು. ಆಮೇಲೆ ನಿಂತಿತು. ನಿಂತದ್ದು ನಿಂತೇಬಿಟ್ಟಿತು.

ಅದೇ ಹೊತ್ತಿಗೆ ಹೊಳೆಯಲ್ಲಿ ಒಂದು ಘಟನೆ ನಡೆಯಿತು. ಮಳೆಗಾಲಕ್ಕೆ ಮುಂಚಿನ ಕಡೆಯ ವಾರ, ಸುಳಿಯೊಂದರಲ್ಲಿ ನನ್ನ ದೋಣಿಯಿಂದ ದಪ್ಪ ಮೈಯ ಪ್ರವಾಸಿಯೊಬ್ಬರು ನೀರಿಗೆ ಬಿದ್ದರು. ಬಿದ್ದವರ ಜಾಕೀಟಿನ ಎರಡೂ ಹೆಗಲಪಟ್ಟಿ ಹಿಡಿದು, ಒಂದು ಎರಡು ಮೂರು ಎಂದು ಎಣಿಸಿ, ಮೂರಕ್ಕೆ ಹಿಂದಕ್ಕೆ ಬಿದ್ದು ಎಳೆದುಕೊಳ್ಳಬೇಕು. ನಾನು ಮೂರು ಸಲ ಮೂರರವರೆಗೆ ಎಣಿಸಿದೆ. ಅವರು ಮೂರು ಸಲ ಜಾರಿದರು. ಕೊನೆಗೆ ಹಿಂದಿನ ದೋಣಿಯವರು ಎತ್ತಿಕೊಂಡರು. ಅವರಿಗೇನೂ ಆಗಲಿಲ್ಲ, ದಡದಲ್ಲಿ ನಗುತ್ತ ಫೋಟೋ ತೆಗೆಸಿಕೊಂಡರು. ಆದರೆ ಮೂರನೆಯ ಸಲ ಜಾರುವಾಗ ಅವರು ನನ್ನ ಮುಖ ನೋಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಇವನಿಂದ ಆಗುವುದಿಲ್ಲ ಎಂದು ಆ ಕಣ್ಣಿಗೆ ಗೊತ್ತಾಗಿತ್ತು.

ನಮ್ಮ ಹಿರಿಯ ಗೈಡ್ ಅನಮೋಡದವರು. ನಾವು ಅವರನ್ನು ದಾದಾ ಅನ್ನುತ್ತೇವೆ. ಅವತ್ತು ಸಂಜೆ ಅವರು ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಮಳೆಗಾಲ ಮುಗಿದು ಹೊಳೆ ತೆರೆಯುವ ದಿನ ತೊಂಬತ್ತು ಕಿಲೋ ತೂಗುವ ಆಳನ್ನು ನೀರಿಗಿಳಿಸುತ್ತೇನೆ, ಅವನು ಕೈಕಾಲು ಆಡಿಸುವುದಿಲ್ಲ, ಮೂರು ಸಲ ನೀನೊಬ್ಬನೇ ಅವನನ್ನು ದೋಣಿಗೆ ಎಳೆಯಬೇಕು ಎಂದರು. ಆಗದಿದ್ದರೆ ದಡದ ಮೇಲೆ ಫೋಟೋ ತೆಗೆಯುವ ಕೆಲಸವಿದೆ, ಅದೂ ಕೆಲಸವೇ ಎಂದೂ ಸೇರಿಸಿದರು. ಫೋಟೋ ತೆಗೆಯುವವರಿಗೆ ನಾನು ಅವಮಾನ ಮಾಡುತ್ತಿಲ್ಲ. ಆದರೆ ನನಗೆ ದೋಣಿಯ ಹಿಂಬದಿಯಲ್ಲಿ ಗೈಡ್ ಕೂರುವ ಆ ಜಾಗ ಬೇಕಿತ್ತು. ಮತ್ತೇನೂ ಬೇಡವಾಗಿತ್ತು.

ಹೆದರಿದವ ಹಗ್ಗವನ್ನೂ ಹಾವು ಅನ್ನುತ್ತಾನೆ, ಹಾವನ್ನೂ ಹಗ್ಗ ಅನ್ನುತ್ತಾನೆ. ನಾನು ಮೊಬೈಲಿನಲ್ಲಿ ಕಂಡ ಪ್ರೋಗ್ರಾಮುಗಳನ್ನೆಲ್ಲ ಹಿಡಿದುಕೊಂಡೆ. ಐದು ವಾರದಲ್ಲಿ ಮೂರು ಬದಲಾಯಿಸಿದೆ. ಮೂರನೆಯದು ವಾರಕ್ಕೆ ಆರು ದಿನದ್ದು, ಸೋಮವಾರ ಎದೆ, ಮಂಗಳವಾರ ಬೆನ್ನು, ಹೀಗೆ ದಿನಕ್ಕೊಂದು ಅಂಗ. ಯಾವನೋ ದೈತ್ಯ ಮಾಡುತ್ತಿದ್ದದ್ದು. ಅದನ್ನು ಹಾಳೆಯಲ್ಲಿ ಚೆಂದಗೆ ಬರೆದು, ಬಣ್ಣದ ಗೆರೆ ಹಾಕಿ, ಅಕ್ಕಾರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು.

"ನಿನ್ನ ಹಾಳ್ಯಾಗ ಕಾಲು ಶನಿವಾರ ಐತಿ. ಸೀಜನ್ನಿನಾಗ ಶನಿವಾರ ನೀ ಎಲ್ಲಿರ್ತಿ?"

"ಹೊಳ್ಯಾಗ್ರಿ."

"ಹಂಗಾರ ನಿನಗ ಕಾಲೇ ಇಲ್ಲ ತಮ್ಮಾ."

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಅಕ್ಕಾರು ನಗಲಿಲ್ಲ. ನಗೆ ಬರುವ ಮಾತಾಡಿ ತಾವು ಗಂಭೀರವಾಗಿ ಕೂರುವುದು ಅವರ ಹಳೆಯ ಚಾಳಿ. ಹಾಳೆಯನ್ನು ಮಡಚಿ ನನ್ನ ಕಿಸೆಗೇ ಹಾಕಿ, ಪಕ್ಕದಲ್ಲಿ ಕೂರಿಸಿಕೊಂಡು ಕೇಳತೊಡಗಿದರು. ಹೊಳೆ ತೆರೆದ ಮೇಲೂ ಖರೇ ಎಷ್ಟು ದಿನ ಬರುತ್ತೀ? ನಾಲ್ಕು ದಿನ ಎಂದೆ. ಈ ಮೈ ನಿನಗೆ ಯಾತಕ್ಕೆ ಬೇಕು? ಒಬ್ಬನನ್ನು ಎಳೆಯಲು ಎಂದೆ. ಏನು ತಿನ್ನುತ್ತೀ? ಅದಕ್ಕೆ ನಾನು ಹೇಳಿದ ಉತ್ತರ ಕೇಳಿ ಹಣೆ ಬಡಿದುಕೊಂಡರು. ಐವತ್ತೆಂಟು ಇದ್ದವನು ಆಗ ಅರವತ್ತೊಂದಕ್ಕೆ ಬಂದಿದ್ದೆ, ಅಷ್ಟೆ. ತೊಂಬತ್ತು ಎಳೆಯಬೇಕಾದರೆ ಮೊದಲು ಮೈಮೇಲೆ ಮಾಂಸ ಬೇಕು, ದಿನಾ ನಾಲ್ಕು ಮೊಟ್ಟೆ, ಹಿಡಿ ತುಂಬ ಶೇಂಗಾ, ರಾತ್ರಿ ಒಂದು ರೊಟ್ಟಿ ಹೆಚ್ಚು ಎಂದು ಅಲ್ಲೇ ಅಪ್ಪಣೆಯಾಯಿತು.

ನಾನು ಈಗ ಎಲ್ಲಿದ್ದೇನೆ ಎಂಬುದನ್ನು ಅವರು ತಿಳಿಸಿ ಹೇಳಿದ ರೀತಿ ಎಷ್ಟೋ ಪುಸ್ತಕಕ್ಕಿಂತ ಚೆನ್ನಾಗಿತ್ತು. "ಪಡಸಾಲಿ ದಾಟಿ ನಡುಮನಿಗೆ ಬಂದಿ. ಅಡಿಗಿಮನಿ ಇನ್ನೂ ದೂರ ಐತಿ. ಪಡಸಾಲ್ಯಾಗ ಇದ್ದಾಗ ದಿನಾ ಹಾಲು ಬಂದಂಗ ದಿನಾ ತೂಕ ಏರ್ತದ. ನಡುಮನ್ಯಾಗ ಹಂಗಲ್ಲ. ಸಂತಿ ವಾರಕ್ಕೊಮ್ಮೆ." ದಿನಾ ಏರಿಸುವ ಹಟ ಬಿಟ್ಟು ವಾರಕ್ಕೊಮ್ಮೆ ಸ್ವಲ್ಪ ಏರಿಸಬೇಕು ಎಂಬುದು ಅದರ ತಾತ್ಪರ್ಯ. ದೈತ್ಯನ ಹಾಳೆ ಅಡಿಗೆಮನೆಯವರದಂತೆ, ನನ್ನದಲ್ಲ.

ಅವರು ಬರೆದುಕೊಟ್ಟದ್ದು ಅರ್ಧ ಪುಟ. ವಾರಕ್ಕೆ ನಾಲ್ಕು ದಿನ, ಎರಡು ದಿನ ಸೊಂಟದ ಮೇಲಿನದು, ಎರಡು ದಿನ ಕೆಳಗಿನದು. ಹೀಗಾಗಿ ಮೈಯ ಪ್ರತಿ ಭಾಗಕ್ಕೂ ವಾರಕ್ಕೆ ಎರಡು ಸಲ ಕೆಲಸ. ಬೈಠಕ್, ನೆಲದಿಂದ ಬಾರು ಎತ್ತುವುದು, ಬಗ್ಗಿ ಹೊಟ್ಟೆಗೆ ಎಳೆಯುವುದು, ಮಲಗಿ ಒತ್ತುವುದು, ನೇತಾಡಿ ಗದ್ದ ಏರಿಸುವುದು. ಒಂದೊಂದೂ ಮೂರು ವರಸೆ, ಅಂದರೆ ಮೂರು ಸುತ್ತು, ವರಸೆಗೆ ಎಂಟು ಸಲ. ಮೂರೂ ವರಸೆಯಲ್ಲಿ ಎಂಟು ಬಂದ ವಾರ ಗೊಂಜಾಳದ ಎರಡು ಚೀಲ ಹೆಚ್ಚು. ಬರದಿದ್ದರೆ ಅದೇ ತೂಕ. ಕಡೆಗೊಂದು ಎಚ್ಚರಿಕೆ ಇತ್ತು. ಚೀಲದ ಬಾಯಿ ಕಟ್ಟಲು ಜಾಗ ಬಿಡು. ಕಾಳಿನ ಚೀಲವನ್ನು ಅಂಚಿನವರೆಗೆ ತುಂಬಿದರೆ ಹೊಲಿಯಲು ಬಾರದು, ಹೊರುವಾಗ ಎಲ್ಲ ದಾರಿಗೆ ಚೆಲ್ಲುತ್ತದೆ. ಹಾಗೆಯೇ ಪ್ರತಿ ವರಸೆ ಮುಗಿದಾಗ ಇನ್ನೊಂದೆರಡು ಎತ್ತುವಷ್ಟು ಕಸುವು ಉಳಿದಿರಬೇಕು. ದೀಪಾವಳಿಯವರೆಗೆ ಇದನ್ನು ಬದಲಾಯಿಸಿದರೆ ಶೆಡ್ಡಿಗೆ ಕಾಲಿಡಬೇಡ ಅಂದರು.

ಒಂದು ತಿಂಗಳು ಏರಿತು. ಮುಂದಿನ ತಿಂಗಳು ಅಂಟಿಕೊಂಡು ನಿಂತಿತು. ಒಂದೂ ದಿನ ತಪ್ಪಿಸಲಿಲ್ಲ, ಮೊಟ್ಟೆ ತಿಂದು ತಿಂದು ನಾಲಿಗೆಗೆ ಬೇಸರವಾಗಿತ್ತು, ಆದರೂ ಬಾರಿನ ತೂಕ ಒಂದು ಕಿಲೋ ಕೂಡ ಏರಲೊಲ್ಲದು. ಎಡ ಹೆಗಲು ನೋಯತೊಡಗಿತು. ಹೊರಗೆ ಮಳೆ ಕಡಿಮೆಯಾಗುತ್ತಿತ್ತು. ದಾದಾ ದೋಣಿಗಳಿಗೆ ಗಾಳಿ ತುಂಬಿಸಿ ತೂತು ಪರೀಕ್ಷೆ ಮಾಡುತ್ತಿದ್ದರು. ನಾನು ಮತ್ತೆ ಮೊಬೈಲು ತೆರೆದೆ. ನಾಲ್ಕನೆಯ ಪ್ರೋಗ್ರಾಮು ಆರಿಸಿಕೊಂಡು, ಅಕ್ಕಾರ, ಇದು ನನಗೆ ಒಗ್ಗಲಿಲ್ಲ ಎಂದು ಹೇಳಲು ಹೋದೆ.

ಅವರು ವಾದ ಮಾಡಲಿಲ್ಲ. ನನ್ನ ನೋಟುಬುಕ್ಕು ಇಸಿದುಕೊಂಡು ನೋಡಿದರು. ಆಮೇಲೆ, ಒಂದು ವರಸೆ ಹೊಡೆದು ತೋರಿಸು, ಎಣಿಕೆ ಬಾಯಿಬಿಟ್ಟು ಹೇಳು ಎಂದರು. ನಾನು ಬಾರು ಹಿಡಿದು ಶುರು ಮಾಡಿದೆ. ಲಾಭ. ಒಂದು. ಎರಡು. ಮೂರು.

"ಪುರೊ" ಅಂದರು. ಸಾಕು ಎಂಬುದಕ್ಕೆ ಅವರ ಮನೆಮಾತು ಕೊಂಕಣಿಯ ಶಬ್ದ. ಶೆಡ್ಡಿನಲ್ಲಿ ಆ ಶಬ್ದ ಬಿದ್ದರೆ ಕೈಯಲ್ಲಿದ್ದದ್ದು ನೆಲಕ್ಕೆ ಬರಲೇಬೇಕು.

ಇಲ್ಲಿ ನನ್ನ ಕ್ವಾರ್ಟರ್ಸಿನ ಜ್ಞಾನ ಹೊರಬಿತ್ತು. ಅಕ್ಕಾರು ಏಕಕಾಲಕ್ಕೆ ನಾಲ್ಕೈದು ಮಂದಿಯನ್ನು ನೋಡುತ್ತಿದ್ದರು. ಯಾರಾದರೂ ಎತ್ತಲು ಶುರುಮಾಡಿದರೆ ಗಟ್ಟಿಯಾಗಿ "ಲಾಭ" ಅನ್ನುತ್ತಿದ್ದರು, ನಡುವಿನದನ್ನು ತಲೆ ಆಡಿಸಿ ಮನಸ್ಸಿನಲ್ಲೇ ಎಣಿಸುತ್ತಿದ್ದರು, ಎಂಟಾದಾಗ "ಪುರೊ" ಅನ್ನುತ್ತಿದ್ದರು. ಆ ಲಾಭ ಎಂದರೆ ಕಾಯಿಪಲ್ಲೆಯವಳು ತೂಗಿದ ಮೇಲೆ ಹಾಕುವ ಕೊಸರು ಇದ್ದಂತೆ, ದೇವರ ಹೆಸರಲ್ಲಿ ಪುಕ್ಕಟೆ ಹೊಡೆಯುವ ಮೊದಲನೆಯದು ಎಂದು ನಾನು ತಿಳಿದಿದ್ದೆ. ಅವರು ಎಣಿಸುವಾಗ ತಪ್ಪು ಬಯಲಾಗಲಿಲ್ಲ, ಪುರೊ ಅಂದಾಗ ನಿಲ್ಲಿಸುತ್ತಿದ್ದೆ. ಸ್ವಂತ ಪ್ರೋಗ್ರಾಮು ಬಂದು ನಾನೇ ಎಣಿಸತೊಡಗಿದಾಗ, ಲಾಭ ಒಂದು ಕಡೆ, ಅದರ ಮೇಲೆ ಪೂರ್ತಿ ಎಂಟು, ಒಟ್ಟು ಒಂಬತ್ತು.

ಅವರ ಅಪ್ಪ ಸುಗ್ಗಿಯಲ್ಲಿ ಬೇರೆಯವರ ಕಣದಲ್ಲಿ ರಾಶಿ ಅಳೆಯುತ್ತಿದ್ದರಂತೆ. ರಾಶಿಯ ಮುಂದೆ ಕೂತವನು ಒಂದು ಅನ್ನಬಾರದು, ಒಂದು ಅಂದರೆ ಅಷ್ಟಕ್ಕೇ ನಿಂತೀತು. ಅದಕ್ಕೆ ಮೊದಲ ಅಳತೆಗೆ ಲಾಭ, ಆಮೇಲೆ ಎರಡು, ಮೂರು. ಇದನ್ನು ಅವರು ನನಗೆ ಮಕ್ಕಳಿಗೆ ಹೇಳುವಂತೆ ಹೇಳಿದರು. ಒಂದು ಹೆಚ್ಚು ಹೊಡೆದರೆ ಒಳ್ಳೆಯದೇ ಅಲ್ಲವೇ ಎಂದು ನಾನು ಮುಖ ಉಳಿಸಿಕೊಳ್ಳಲು ನೋಡಿದೆ.

"ಚೀಲದ ಬಾಯಿಗೆ ಬಿಟ್ಟ ಜಾಗಾನೂ ತುಂಬಿಬಿಟ್ಟಿ. ಎಂಟು ಬಂದ್ರ ತೂಕ ಹೆಚ್ಚು ಮಾಡು ಅಂದ್ರ, ನೀ ಒಂಬತ್ತರ ದಾರಿ ಕಾದಿ. ಪ್ರೋಗ್ರಾಮಿಂದೇನು ತಪ್ಪು ಇದರಾಗ?"

ನನಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು. ಆದರೆ ಅವತ್ತು ಕಲಿತದ್ದನ್ನು ಇನ್ನೂ ಹಿಡಿದುಕೊಂಡಿದ್ದೇನೆ. ಮಾಡುತ್ತಿರುವುದು ಫಲ ಕೊಡದಿದ್ದರೆ, ಅದನ್ನು ಬದಲಾಯಿಸುವ ಮೊದಲು ಅದನ್ನೇ ಮಾಡುತ್ತಿದ್ದೇನೆಯೇ ಎಂದು ನೋಡಬೇಕು. ಅಕ್ಕಾರು ಒಂದು ವಾರ ಅರ್ಧ ತೂಕ ಮಾತ್ರ ಎತ್ತಿಸಿದರು. ಹೊಲವನ್ನು ಬೀಳು ಬಿಡುವುದಿಲ್ಲವೇ, ಹಾಗೆ ಎಂದರು. ಹೆಗಲ ನೋವು ಹೋಯಿತು. ಮುಂದಿನ ವಾರ ಲಾಭದಿಂದ ಎಂಟಕ್ಕೆ ನಿಲ್ಲಿಸಿದೆ, ಎರಡು ಚೀಲ ಹೆಚ್ಚಾದವು. ಅದರ ಮುಂದಿನ ವಾರ ಮತ್ತೆ ಎರಡು. ಚೀಲಗಳು ತೀರಿ ಗಿರಣಿಯ ಗಾಲಿ ಏರಿತು. ಮಳೆಗಾಲ ಮುಗಿಯುವಾಗ ನಾನು ಅರವತ್ತಾರು ಕಿಲೋ ಇದ್ದೆ. ಹಳೆಯ ಅಂಗಿಯ ತೋಳು ಹರಿಯಿತು, ಅವ್ವ ಬೈದಳು, ನನಗೆ ಹಬ್ಬವಾಯಿತು.

ಹೊಳೆ ತೆರೆಯುವ ದಿನ ಅಕ್ಕಾರೂ ದಂಡೆಗೆ ಬಂದರು. ಇದು ಸಣ್ಣ ಮಾತಲ್ಲ. ಚಿಕ್ಕವರಿದ್ದಾಗ ಹಳ್ಳದಲ್ಲಿ ತೇಲಿಹೋಗಿ ಬದುಕಿ ಬಂದವರು, ಈಜು ಬಾರದು, ಇಷ್ಟು ವರ್ಷ ದಾಂಡೇಲಿಯಲ್ಲಿದ್ದೂ ಹೊಳೆಯ ದಂಡೆಗೆ ಇಳಿದವರಲ್ಲ. ಅದನ್ನೇ ಹಿಡಿದು ನಾವು ಅವರನ್ನು ಕಾಡುತ್ತಿದ್ದೆವು. ಅವತ್ತು ನೀರಿನಿಂದ ಇಪ್ಪತ್ತು ಹೆಜ್ಜೆ ದೂರ ಬಂಡೆಯ ಮೇಲೆ ಕೂತಿದ್ದರು. ಮಡಿಲಲ್ಲಿ ಮೊಟ್ಟೆಯ ಡಬ್ಬಿ, ನಾನು ಎತ್ತಿ ಮೈ ಬಿಸಿ ಮಾಡಿಕೊಳ್ಳಲೆಂದು ತಂದ ಎರಡು ಗೊಂಜಾಳದ ಚೀಲ.

ಭಾರದ ಆಳಾಗಿ ನೀರಿಗಿಳಿಯಬೇಕಿದ್ದವನು ಕ್ಯಾಂಪಿನ ಅಡಿಗೆಯವ. ಅವನಿಗೆ ಬೆಳಗ್ಗೆಯಿಂದ ಜ್ವರ. ಉಳಿದವರು ಯಾರೂ ಎಪ್ಪತ್ತು ದಾಟುವವರಲ್ಲ. ದೋಣಿಯ ಜಾಗಗಳನ್ನು ಇವತ್ತೇ ಹಂಚಬೇಕು, ನಿನ್ನದು ಮುಂದಿನ ವರ್ಷ ನೋಡೋಣ ಎಂದರು ದಾದಾ. ಹಿಂದೆ ಬಂಡೆಯ ಮೇಲಿಂದ ಡಬ್ಬಿ ಮುಚ್ಚಿದ ಸದ್ದಾಯಿತು.

"ಎಷ್ಟು ಕಿಲೋ ಬೇಕ್ರಿ?" ಎಂದು ಅಕ್ಕಾರು ಕೇಳಿದರು.

ತೊಂಬತ್ತು ಎಂದರು ದಾದಾ.

"ನಾ ಎಂಬತ್ತೆಂಟು ಅದೇನಿ. ಈ ಎರಡು ಚೀಲ ನಡಕ್ಕ ಕಟ್ಟಿಕೋತೇನಿ."

ಬೇಡ ಎಂದು ನಾನು ಹೇಳಿದ್ದು ನಿಜ. ಅವರು ಕೇಳಿಸಿಕೊಳ್ಳಲಿಲ್ಲ. ಜಾಕೀಟಿನ ಬಕಲನ್ನು ದಾದಾ ಎರಡೆರಡು ಸಲ ಎಳೆದು ನೋಡಿದರು. ಇನ್ನಿಬ್ಬರು ಗೈಡುಗಳು ನೀರಿನಲ್ಲಿ ಅವರ ಆಚೀಚೆ ನಿಂತರು. ನಿಂತ ನೀರೇ, ಎದೆಮಟ್ಟ. ಆದರೂ ಅಕ್ಕಾರ ತುಟಿ ನಡುಗುತ್ತಿತ್ತು, ಕಣ್ಣು ಮುಚ್ಚಿದ್ದವು. ಎಂಥೆಂಥ ಪೈಲ್ವಾನರ ಮುಂದೆ ನಿಂತ ಆ ಮೈ ನನ್ನ ದೋಣಿಯ ಬದಿಗೆ ಹೆದರಿದ ಮಗುವಿನ ಹಾಗೆ ತೇಲುತ್ತಿತ್ತು. ನನಗೆ ಅಳು ಬಂತು, ಸಿಟ್ಟೂ ಬಂತು, ಎರಡೂ ನನ್ನ ಮೇಲೇ. ಬಾಗಿ ಎರಡೂ ಪಟ್ಟಿ ಹಿಡಿದೆ. ಎಣಿಸಬೇಕೆಂದು ಬಾಯಿ ತೆರೆದೆ. ಒಂದು ಎಂಬ ಶಬ್ದ ಬರಲೊಲ್ಲದು, ಆ ಜಾರಿದ ಮನುಷ್ಯನ ಕಣ್ಣೇ ಮುಂದೆ ಬಂತು.

ಅಕ್ಕಾರು ಕಣ್ಣು ತೆರೆದು ನನ್ನನ್ನು ನೋಡಿದರು.

"ಲಾಭ" ಅಂದರು.

ನಾನು ಮೂರರವರೆಗೆ ಕಾಯಲಿಲ್ಲ. ತೊಡೆ ಒತ್ತಿತು, ಬೆನ್ನು ಎಳೆಯಿತು, ಮುಂದಿನ ಕ್ಷಣ ಇಬ್ಬರೂ ದೋಣಿಯ ತಳದಲ್ಲಿ ಬಿದ್ದಿದ್ದೆವು. ಅವರ ಮೊಣಕೈ ನನ್ನ ಪಕ್ಕೆಗೆ ಚುಚ್ಚುತ್ತಿತ್ತು. ದಾದಾ ಏನೋ ಹೇಳುವ ಮೊದಲೇ ಅಕ್ಕಾರು ತಾವಾಗಿ ಅಂಚಿಗೆ ಸರಿದು, ಮತ್ತೆ ಕಣ್ಣು ಮುಚ್ಚಿ ನೀರಿಗಿಳಿದರು. ಎರಡು ಅಂದರು. ಎಳೆದೆ. ಮೂರು ಅಂದರು. ಎಳೆದೆ.

ಉಸಿರು ಬಿಡುತ್ತ ಮಲಗಿದ್ದಾಗ ಅವರು ಕೇಳಿದ್ದು ಒಂದೇ, ಚೀಲದ ಬಾಯಿ ಕಟ್ಟಲು ಜಾಗ ಉಳಿದಿದೆಯೇ ಎಂದು. ಇನ್ನೂ ಎರಡು ಸಲ ಎಳೆಯಬಲ್ಲೆ ಎಂದೆ. ಸುಳ್ಳಾಗಿರಲಿಲ್ಲ. "ಪುರೊ" ಅಂದರು. ದಾದಾ ನನ್ನ ಹೆಸರನ್ನು ಮೂರನೆಯ ದೋಣಿಗೆ ಬರೆದುಕೊಂಡರು.

ದಂಡೆಯಲ್ಲಿ ಟವೆಲ್ಲು ಸುತ್ತಿಕೊಂಡು ಕೂತ ಅಕ್ಕಾರು ನನ್ನ ನೋಟುಬುಕ್ಕು ಕೇಳಿ ತೆಗೆದುಕೊಂಡರು. ಅವತ್ತಿನ ಸಾಲಿನಲ್ಲಿ, ತೊಂಬತ್ತು ಕಿಲೋ, ಮೂರು ಎಂದು ಬರೆದರು. ಅದರ ಕೆಳಗೆ, ಯಾವಾಗಲೂ ಬರೆಯುವ ಹಾಗೆ, ಮುಂದಿನ ವಾರ ತೊಂಬತ್ತೆರಡು ಎಂದು ಬರೆದರು. ಅದನ್ನು ನೋಡಿ ನಾನು ನಕ್ಕೆ. ತೊಂಬತ್ತೆರಡು ಕಿಲೋ ಆಳನ್ನು ಎಲ್ಲಿಂದ ತರಲಿ ಎಂದು ಕೇಳಿದೆ.

ಅಕ್ಕಾರು ನಗಲಿಲ್ಲ. ಡಬ್ಬಿ ತೆರೆದು, ನನಗೆಂದು ತಂದಿದ್ದ ಮೊಟ್ಟೆಗಳಲ್ಲಿ ಒಂದನ್ನು ಸುಲಿಯತೊಡಗಿದರು.

"ನಾ ಒಂದು ರೊಟ್ಟಿ ಹೆಚ್ಚಿಗಿ ತಿಂತೇನಿ" ಅಂದರು.